ಮಿಕ್ಸಿ ಕಂಪೆನಿಯ ಶುಭಾಶಯ

ಮಾರ್ಚ್ ಎಂಟರಂದು, ಮಹಿಳಾ ದಿನಕ್ಕೆ, ನನಗೆ ಮೊದಲು ಶುಭಾಶಯ ಹೇಳುವುದು ಮಿಕ್ಸಿ ಕಂಪೆನಿ. ಗಂಡನಿಗೆ ನೆನಪಾಗುವಾಗ ಸಂಜೆಯಾಗಿರುತ್ತದೆ. ಅಷ್ಟರಲ್ಲಿ ಸೋಪು, ಚಾಕಲೇಟು, ಚಿನ್ನದಂಗಡಿ, ಬ್ಯಾಂಕು ಎಲ್ಲರೂ ಹೆಂಗಸರ ಪರ ನಿಂತಾಗಿರುತ್ತದೆ, ಗುಲಾಬಿ ಬಣ್ಣ ಬಳಿದುಕೊಂಡು. ಒಂಬತ್ತನೇ ತಾರೀಕಿಗೆ ಮಿಕ್ಸಿಯ ಬೆಲೆ ಮಾತ್ರ ಮೊದಲಿನಷ್ಟೇ.

ಹೀಗೆ ನಮ್ಮ ಪರ ನಿಂತವರ ಸಾಮಾನನ್ನೇ ನಾವು ಹುಡುಕಿ ಕೊಳ್ಳುತ್ತೇವೆಯೇ? ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಚೀಟಿ ಹಿಡಿದು ನಿಂತವರನ್ನು ಕಂಡರೆ ನನಗೆ ಹಾಗನ್ನಿಸುವುದಿಲ್ಲ. "ಯಾವುದಕ್ಕೆ ಬಕೆಟ್ ಫ್ರೀ ಉಂಟು?" ಎಂಬುದು ಅಲ್ಲಿಯ ಪ್ರಶ್ನೆ. ಬಟ್ಟೆ ಒಗೆಯುವುದರಲ್ಲಿ ಗಂಡಸರಿಗೂ ಪಾಲಿರಲಿ ಎಂದು 2015ರಲ್ಲಿ ಏರಿಯಲ್ ಜಾಹೀರಾತು ಶುರುಮಾಡಿತು. ಚೆಂದದ ಜಾಹೀರಾತು. ಅಂಥದ್ದನ್ನು ನೋಡಿ ಕಣ್ಣೊರೆಸಿಕೊಂಡ ಗಂಡಸರನ್ನೂ ಬಲ್ಲೆ; ಎದ್ದು ಹೋಗುವಾಗ ಅಂಗಿಯನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ಪುಡಿ ತರುವವಳು ಒಗೆಯುವವಳೇ ಆದ್ದರಿಂದ, ಅವಳು ಕೇಳುವುದು ಕಿಲೋಗೆಷ್ಟು ಎಂದು.

ಅದೇ ಅಂಗಡಿಯ ಕಪಾಟಿನಲ್ಲಿ ಇನ್ನೊಂದು ತಮಾಷೆ. ನೀನು ಇದ್ದ ಹಾಗೇ ಚೆಂದ ಎಂದು 2004ರಿಂದ ಹೇಳುತ್ತ ಬಂದ ಡವ್, ಬೆಳ್ಳಗಾಗು ಎಂದು 1975ರಿಂದ ಹೇಳುತ್ತ ಬಂದ ಫೇರ್ ಅಂಡ್ ಲವ್ಲಿ, ಎರಡೂ ಹಿಂದೂಸ್ತಾನ್ ಯೂನಿಲಿವರಿನವು. 2020ರಲ್ಲಿ 'ಫೇರ್' ಹೋಗಿ 'ಗ್ಲೋ' ಬಂತು. ನಮ್ಮೂರಿನಲ್ಲಿ ಈಗಲೂ ಹಳೇ ಹೆಸರಿನಲ್ಲೇ ಕೇಳುತ್ತಾರೆ, ಅಂಗಡಿಯವರು ಹೊಸತನ್ನು ಕೊಡುತ್ತಾರೆ, ಯಾರಿಗೂ ತೊಂದರೆಯಿಲ್ಲ.

ಈ ವಿದ್ಯೆ ಹಳತು. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಕೆಲವು ತರುಣಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಅವು ಸ್ವಾತಂತ್ರ್ಯದ ಪಂಜುಗಳಂತೆ! ಏರ್ಪಾಡು ಪ್ರಚಾರದ ಪಟು ಎಡ್ವರ್ಡ್ ಬರ್ನೇಸನದ್ದು, ಕಾಸು ಅಮೆರಿಕನ್ ಟೊಬ್ಯಾಕೊ ಕಂಪೆನಿಯದ್ದು. ಹೊಗೆಸೊಪ್ಪು ನಮ್ಮ ಕಡೆಯ ಹೆಂಗಸರ ಕೈಯಲ್ಲೂ ಇತ್ತು. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ ತಂದು, ಜಗಲಿಯಲ್ಲಿ ತಡಪೆ ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟಿ, ಮಕ್ಕಳ ಫೀಸು ಕಟ್ಟಿದರು. ಅದನ್ನು ಯಾರೂ ಪಂಜು ಎನ್ನಲಿಲ್ಲ.

ನಿಜವಾಗಿ ಹೆಂಗಸರೇ ಕಟ್ಟಿದ ವ್ಯಾಪಾರಕ್ಕೆ ಈ ಗುಲಾಬಿಯ ಹಂಗು ಅಷ್ಟಿಲ್ಲ. ಮುಂಬಯಿಯ ಗಿರ್‌ಗಾಂವ್‌ನಲ್ಲಿ 1959ರಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಲಟ್ಟಿಸತೊಡಗಿದ್ದು ಲಿಜ್ಜತ್ ಹಪ್ಪಳ. ದೂರದರ್ಶನದಲ್ಲಿ ಅದರ ಜಾಹೀರಾತಿಗೆ ಬಂದದ್ದು ಒಂದು ಮೊಲ. ನಾವೂ ಹಪ್ಪಳ ಗರಿಗರಿ ಎಂದೇ ಕೊಂಡೆವು.

ಹಾಗಾದರೆ ಮಾಡಿದವಳು ಹೆಂಗಸು ಎಂಬ ಒಂದೇ ಕಾರಣಕ್ಕೆ ಕೊಳ್ಳುವುದೇ ಇಲ್ಲವೇ? ಉಂಟು. ಕುಟುಂಬಶ್ರೀಯ ಓಣಂ ಸಂತೆಗೆ ಬನ್ನಿ. 1998ರಲ್ಲಿ ಕೇರಳದಲ್ಲಿ ಶುರುವಾದ ಈ ಹೆಂಗಸರ ಕೂಟಗಳು ಹಬ್ಬ ಬಂತೆಂದರೆ ಊರೂರಲ್ಲಿ ಮೇಜು ಹಾಕುತ್ತವೆ: ನೇಂದ್ರ ಚಿಪ್ಸು, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ಮೇಜಿನ ಆಚೆ ಕೂತವಳು ಅಪರಿಚಿತಳಲ್ಲ, ನಮ್ಮ ಬೇಲಿಯಾಚೆಯ ಮನೆಯವಳು. "ಎಂತ ಟೀಚರೇ, ನೋಡದ ಹಾಗೆ ಹೋಗುವುದಾ?" ಎಂದರೆ ಮುಗಿಯಿತು, ಕೈ ಪರ್ಸಿಗೆ ಹೋಗುತ್ತದೆ. ಸ್ತ್ರೀಪರ ನಿಲುವು ಗಿಲುವು ಏನೂ ಅಲ್ಲ, ಅಪ್ಪಟ ದಾಕ್ಷಿಣ್ಯ. ನಾನದನ್ನು ಕೀಳೆನ್ನಲಾರೆ. ಕೋಟಿಗಟ್ಟಲೆ ಸುರಿದು ಕಂಪೆನಿಗಳು ಹುಟ್ಟಿಸಲು ಹೆಣಗುವುದು ಇದನ್ನೇ ಅಲ್ಲವೇ? ಅವರಿಗಿರುವ ತೊಡಕೆಂದರೆ, ಮಿಕ್ಸಿ ಕಂಪೆನಿ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಎದುರಾಗುವುದಿಲ್ಲ.

ಆದರೆ ದಾಕ್ಷಿಣ್ಯ ನಡೆಯುವುದು ಮೊದಲ ಬಾಟ್ಲಿಗೆ. ಎರಡನೆಯದನ್ನು ನಮ್ಮ ಮನೆಯಲ್ಲಿ ತೀರ್ಮಾನಿಸುವವರು ಅತ್ತೆ. ಕಳೆದ ಓಣಂನ ಮಿಡಿಯನ್ನು ಗಂಜಿಗೆ ನೆಂಚಿಕೊಂಡು, "ಉಪ್ಪು ಜೋರಾಯಿತು. ಪಾಪ, ಮಗಳ ಫೀಸಿಗೆಂದು ಮಾಡುವುದು. ಇನ್ನೊಂದು ತಾ, ಉಪ್ಪು ಕಡಿಮೆ ಹಾಕಲಿಕ್ಕೆ ಹೇಳು" ಎಂದರು. ನಾನು ಮೆಲ್ಲನೆ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅಳತೆ ನಿಮ್ಮ ಅತ್ತೆಯವರೇ ಹೇಳಿಕೊಟ್ಟದ್ದಲ್ಲವಾ ಟೀಚರೇ?"

ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ. ಬಾಟ್ಲಿಯಂತೂ ತಂದಿದ್ದೇನೆ.