ಗಣಿತದ ಮೇಷ್ಟ್ರ ಹೆವಿ ಲೈಸೆನ್ಸು

ನಮ್ಮ ಶಾಲೆಯ ಬಸ್ ಡ್ರೈವರ್ ಕೆಲಸ ಬಿಟ್ಟು ಬೆಂಗಳೂರಿಗೆ ಟಿಪ್ಪರ್ ಓಡಿಸಲು ಹೋದ. ಸಂಬಳ ಜಾಸ್ತಿ, ಮಕ್ಕಳ ಗಲಾಟೆ ಇಲ್ಲ. ನಾನಾಗಿದ್ದರೂ ಹೋಗುತ್ತಿದ್ದೆ. ಬೇರೆ ಡ್ರೈವರ್ ಸಿಗಲಿಲ್ಲ. ಮೀಟಿಂಗ್‌ನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನ ಕಡೆ ತಿರುಗಿ, "ನಮ್ಮ ಮೇಷ್ಟ್ರು ಕಾರು ಎಷ್ಟು ಚೆನ್ನಾಗಿ ಓಡಿಸ್ತಾರೆ!" ಎಂದರು. ಅವರು ಯಾರನ್ನಾದರೂ ಹೊಗಳಿದರೆ ಹಿಂದೆಯೇ ಒಂದು ಕೆಲಸ ಬರುತ್ತದೆ. "ಉಡುಪಿ ಕಡೆ ಮೇಷ್ಟ್ರೊಬ್ರು ತಾವೇ ಬಸ್ ಓಡಿಸಿ ಮಕ್ಕಳನ್ನ ಕರ್ಕೊಂಡು ಬರ್ತಾರಂತೆ, ಪೇಪರ್‌ನಲ್ಲಿ ಬಂದಿತ್ತು" ಎಂದು ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಪ್ಪಿಗೆ ಕೇಳಿದ ನೆನಪು ನನಗಿಲ್ಲ.

ಹೆವಿ ಲೈಸೆನ್ಸಿಗೆ ಕಾರಿನ ಲೈಸೆನ್ಸು ಬಂದು ಒಂದು ವರ್ಷವಾದರೂ ಆಗಿರಬೇಕು, ವಯಸ್ಸು 20 ತುಂಬಿರಬೇಕು. ನನ್ನ ತಲೆ ನೋಡಿದರೆ ಎರಡಕ್ಕೂ ದಾಖಲೆ ಬೇಕಾಗಿರಲಿಲ್ಲ. ಮೊದಲು ಮತ್ತೆ ಎಲ್‌ಎಲ್‌ಆರ್, ಅದಕ್ಕೆ ನಮೂನೆ 1ಎ ಅಂತ ಡಾಕ್ಟರ ಸರ್ಟಿಫಿಕೇಟು. ನಮ್ಮೂರ ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು, ಬಿಪಿ ನೋಡಿದರು. ಸಹಿ ಹಾಕುವ ಮುಂಚೆ ಬಾಗಿಲು ಸರಿಸಿ ಮೆಲ್ಲಗೆ, "ಏನು ಕಷ್ಟ ಬಂತು ಮೇಷ್ಟ್ರೇ? ಸಂಬಳ ಆಗ್ತಿಲ್ವಾ?" ಎಂದು ಕೇಳಿದರು. ಇಲ್ಲ ಸಾರ್, ಸುಮ್ನೆ ಎಂದೆ. ನಂಬಲಿಲ್ಲ. ಫೀಸು ತೆಗೆದುಕೊಳ್ಳಲಿಲ್ಲ.

ಬಸ್ ಕಲಿಸಲು ಸಿಕ್ಕವರು ಸರ್ಕಾರಿ ಬಸ್ ಓಡಿಸಿ ರಿಟೈರ್ ಆದವರು. ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಿದ್ದರು, ನಾನು ಅವರನ್ನು ಮೇಷ್ಟ್ರೇ ಅನ್ನುತ್ತಿದ್ದೆ. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ ಅನ್ನುವುದು ಗೊತ್ತಾಗುವ ತನಕ ಎಲ್ಲ ಚೆನ್ನಾಗಿತ್ತು. ಹುಡುಗ ಗಣಿತದಲ್ಲಿ 36 ತೆಗೆದಿದ್ದ. ಅವನ ಪ್ರೋಗ್ರೆಸ್ ಕಾರ್ಡಿನಲ್ಲಿ ನಾನು "ಬುದ್ಧಿ ಇದೆ, ಗಮನ ಸಾಲದು" ಎಂದು ಬರೆದಿದ್ದೆನಂತೆ. ಅವರು ಅದನ್ನು ಮರೆತಿರಲಿಲ್ಲ.

ಕಾರಿನಲ್ಲಿ ಮುಂದಿನ ಚಕ್ರ ನಮ್ಮ ಮುಂದಿರುತ್ತದೆ. ಬಸ್ಸಿನಲ್ಲಿ ನಾವೇ ಚಕ್ರಕ್ಕಿಂತ ಮುಂದೆ ಕೂತಿರುತ್ತೇವೆ. ತಿರುವು ಬಂದಾಗ ನಾವು ಮೋರಿ ದಾಟಿ ಯಾರದೋ ತೆಂಗಿನ ತೋಟದ ಮೇಲೆ ತೇಲುತ್ತಿರುತ್ತೇವೆ, ಚಕ್ರ ಇನ್ನೂ ರಸ್ತೆಯಲ್ಲೇ ಇರುತ್ತದೆ. ಸ್ಟೇರಿಂಗ್ ತಿರುಗಿಸೋಣ ಅಂದರೆ ಪಕ್ಕದಿಂದ, "ಈಗಲೇ ಬೇಡ, ಇನ್ನೂ ಬಿಡಿ, ಇನ್ನೂ ಬಿಡಿ." ನಾನು ಕಣ್ಣು ಮುಚ್ಚಿದೆ. "ಬುದ್ಧಿ ಇದೆ, ಗಮನ ಸಾಲದು" ಎಂದರು.

ಬಾಲದ ಕಥೆ ಬೇರೆ. ಹಿಂದಿನ ಚಕ್ರದ ಆಚೆಗೂ ಗಾಡಿ ಎರಡು ಮೂರು ಮೀಟರ್ ಚಾಚಿಕೊಂಡಿರುತ್ತದೆ. ನಾವು ಎಡಕ್ಕೆ ತಿರುಗಿಸಿದರೆ ಆ ಬಾಲ ಬಲಕ್ಕೆ ಬೀಸುತ್ತದೆ. ಅದೇ ಹೊತ್ತಿಗೆ ಹಿಂದಿನ ಚಕ್ರ ಎಡಗಡೆಯ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನು ಎಷ್ಟು ಬೇಕಾದರೂ ವಿವರಿಸಬಲ್ಲೆ. ಎಳನೀರಿನ ಗಾಡಿಯವನು ಪಕ್ಕದಲ್ಲಿ ನಿಂತು ಬೈಯುವಾಗ ತ್ರಿಜ್ಯ, ಕೋನ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಬಸ್ಸು ಹಳೆಯ ಸರ್ಕಾರಿ ಗಾಡಿ, ಹರಾಜಿನಲ್ಲಿ ತಂದದ್ದು. ಕೆಂಪು ಬಣ್ಣ ಹಾಗೇ ಇತ್ತು. ಏರ್ ಬ್ರೇಕು. ಸ್ಟಾರ್ಟ್ ಮಾಡಿದ ಮೇಲೆ ಗಾಳಿ ತುಂಬುವ ತನಕ ಕಾಯಬೇಕು, ಬಜರ್ ಕಿರುಚುತ್ತಲೇ ಇರುತ್ತದೆ. ಹುಳಿಯಾರು ರಸ್ತೆಯ ಒಂದು ಸ್ಟಾಪಿನ ಹತ್ತಿರ ಗಾಡಿ ಆಫ್ ಆಯಿತು. ಗಾಳಿ ತುಂಬಲಿ ಎಂದು ಕಾಯುತ್ತಿದ್ದಾಗ ಅಜ್ಜಿಯೊಂದು ಸೊಪ್ಪಿನ ಬುಟ್ಟಿ ಸಮೇತ ಹತ್ತಿ ಕೂತಿತು.

"ಅಜ್ಜಿ, ಇದು ಕಲಿಯೋ ಬಸ್ಸು. ಜನ ಹತ್ತಂಗಿಲ್ಲ, ಇಳೀರಿ."

"ಕಲೀಲಿ ಬಿಡಪ್ಪ, ನಾನೇನು ಬ್ಯಾಡ ಅಂದ್ನಾ? ಸಂತೆ ತಾವ ಇಳ್ಸು. ಅಲ್ಲೀಗಂಟ ಕಲೀಲಿ."

ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ತೋರಿಸಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸು ಕಂಡರೆ ನಮ್ಮ ಕಡೆ ಅಜ್ಜಿಯರ ಕೈ ತಾನಾಗೇ ಆಧಾರ್ ಕಡೆ ಹೋಗುತ್ತದೆ. ಮೇಷ್ಟ್ರು ಕೈಮುಗಿದರು, ಗದರಿದರು, ಮುಂದಿನ ಗಾಜಿನ ಮೇಲಿದ್ದ ಕೆಂಪು ಎಲ್ ತೋರಿಸಿದರು. ಕೊನೆಗೆ ನಿಜವಾದ ಬಸ್ಸು ಹಿಂದೆ ಬಂದು ಹಾರ್ನ್ ಹೊಡೆದಾಗಲೇ ಅಜ್ಜಿ ಎದ್ದದ್ದು. ಇಳಿಯುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ನಾಗೆ ಕೆಲ್ಸ ಕೊಡ್ತಾರಾ?" ಎಂದು ಮೇಷ್ಟ್ರನ್ನು ಕೇಳಿತು. ಮೇಷ್ಟ್ರು ಅವತ್ತೆಲ್ಲ ಖುಷಿಯಾಗಿದ್ದರು.

ಎಲ್‌ಎಲ್‌ಆರ್ ಆಗಿ 30 ದಿನ ಕಳೆದ ಮೇಲೆ ಟೆಸ್ಟು. ಬ್ರೇಕ್ ಇನ್ಸ್‌ಪೆಕ್ಟರ್ ನನ್ನ ಕೈಯಲ್ಲಿದ್ದ ಫಾರಂ ನೋಡಿ, "ಏನು ಕೆಲಸ ಮಾಡ್ತೀರಿ?" ಎಂದರು. ಗಣಿತದ ಮೇಷ್ಟ್ರು ಎಂದೆ. "ಹಾಗಾದ್ರೆ ರಿವರ್ಸ್ ನೀವು ತಪ್ಪಂಗಿಲ್ಲ" ಎಂದು ನಕ್ಕರು. ಸುತ್ತ ನಿಂತಿದ್ದ ಹುಡುಗರೂ ನಕ್ಕರು. ಅವರೆಲ್ಲ ಲಾರಿ ಕ್ಲೀನರ್ ಆಗಿ ಬೆಳೆದವರು, ಒಂದೇ ಕೈಯಲ್ಲಿ ರಿವರ್ಸ್ ತೆಗೆಯುವವರು. ನನ್ನ ಬಸ್ಸು ಕಂಬಕ್ಕೆ ತಾಗದೆ ಹಿಂದಕ್ಕೆ ಬಂತು. ಇಳಿದು ನೋಡಿದರೆ ಕಂಬಕ್ಕೂ ಬಂಪರಿಗೂ ನಡುವೆ ಒಂದು ನೋಟ್‌ಬುಕ್ ತೂರಿಸುವಷ್ಟು ಜಾಗ ಇತ್ತು. ನಮ್ಮ ಮೇಷ್ಟ್ರು ಬೆನ್ನು ತಟ್ಟಿ, "36" ಎಂದರು.

ಲೈಸೆನ್ಸು ಬಂತು. ಟ್ರಾನ್ಸ್‌ಪೋರ್ಟ್ ಅಂತ ನಮೂದಾದದ್ದಕ್ಕೆ 5 ವರ್ಷಕ್ಕೊಮ್ಮೆ ರಿನ್ಯೂವಲ್, ಅಂದರೆ ಡಾಕ್ಟರು ಮತ್ತೆ ಸಂಬಳ ವಿಚಾರಿಸುತ್ತಾರೆ. ಇರಲಿ. ಕಾರ್ಡನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟೆ. ಶಾಲು ಹೊದಿಸುವ ಮಾತು ನಡೆಯುತ್ತಿತ್ತು. ಅಷ್ಟರಲ್ಲಿ ನಮ್ಮ ಗುಮಾಸ್ತರು ಒಂದು ಫೈಲು ಹಿಡಿದು ಬಂದರು. ಶಾಲಾ ಬಸ್ ಓಡಿಸುವವರಿಗೆ ಲೈಸೆನ್ಸು ಇದ್ದರೆ ಸಾಲದು, ಹೆವಿ ಗಾಡಿ ಓಡಿಸಿ ವರ್ಷಗಟ್ಟಲೆ ಅನುಭವ ಆಗಿರಬೇಕು ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ನನ್ನನ್ನು ಯಾರೂ ಕೇಳಲಿಲ್ಲವಲ್ಲ ಸಾರ್ ಎಂದರು.

ಅಧ್ಯಕ್ಷರು ಸ್ವಲ್ಪ ಹೊತ್ತು ಯೋಚಿಸಿದರು. ಕ್ಯಾಲೆಂಡರ್ ತಿರುವಿ ಹಾಕಿದರು.

"ಹೇಗೂ ಬೇಸಿಗೆ ರಜೆ ಬರ್ತಿದೆಯಲ್ಲ ಮೇಷ್ಟ್ರೇ" ಎಂದರು. "ಯಾವುದಾದ್ರೂ ಲಾರಿ ನೋಡಿ."