ಮುತ್ತುಗದ ಕೊಂಬೆ ಮುರಿದವರಿಗೆ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಮ್ಮೂರ ಕೆರೆ ಏರಿ ಹಿಂದಿನ ಮುತ್ತುಗದ ಮರ ನಿಮಗೆಲ್ಲ ಗೊತ್ತು. ಶಿವರಾತ್ರಿ ಬಂತೆಂದರೆ ಅದರ ಫೋಟೋ ಹಾಕುತ್ತಲೇ ಇರುತ್ತೇನೆ. ಎಲೆಯೆಲ್ಲ ಉದುರಿ, ಮೈತುಂಬ ಕೆಂಡದಂಥ ಹೂ. ಇವತ್ತು ಆರೂವರೆಗೆ ಹೋದರೆ ಆಗಲೇ ಮೂವರು ಇದ್ದರು, ದೊಡ್ಡ ದೊಡ್ಡ ಲೆನ್ಸ್ ಹಿಡಿದು. ಹೂ ತುಂಬಿದ ಕೊಂಬೆಯೊಂದನ್ನು ಮುರಿದು ಸ್ಟ್ಯಾಂಡಿಗೆ ಕಟ್ಟಿದ್ದರು. ಹಿಂದೆ ಹಸಿರು ಬಟ್ಟೆ. ಒಬ್ಬ ಸಿರಿಂಜಿನಲ್ಲಿ ಸಕ್ಕರೆ ನೀರು ತುಂಬಿಕೊಂಡು ಒಂದೊಂದೇ ಹೂವಿಗೆ ಬಿಡುತ್ತಿದ್ದ. ಮಕರಂದ ಹೀರಲು ಬರುವ ಪುಟ್ಟ ಹಕ್ಕಿ ಸೂರಕ್ಕಿ ಇವರಿಗೆ ಬೇಕಾದ ಕಡೆಯೇ ಬಂದು ಕೂರಬೇಕಂತೆ!

ಮರದ ತುಂಬ ಹೂ ಇದೆ. ಹಕ್ಕಿ ಬಂದೇ ಬರುತ್ತೆ, ಅಲ್ವಾ? ಯಾಕೆ ಮುರಿಯಬೇಕು?

ಕೇಳಿದೆ. "ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್‌ಗೆ ಮನೆ ಮುಂದೆ ಸಕ್ಕರೆ ನೀರು ಇಡ್ತಾರಲ್ಲ ಸಾರ್" ಅಂದ ಒಬ್ಬ. ಇಡುತ್ತಾರೆ, ನಿಜ. ಅವರು ಅದಕ್ಕೆಂದೇ ಒಂದು ಬಾಟಲಿ ನೇತುಹಾಕಿ, ಆಗಾಗ ತೊಳೆದು, ಹೊಸ ನೀರು ತುಂಬುತ್ತಾರೆ. ಕೊಂಬೆ ಮುರಿದು ಹೂವಿಗೆ ಸೂಜಿ ಚುಚ್ಚುವುದಿಲ್ಲ. ಇದಕ್ಕೂ ಅದಕ್ಕೂ ಏನು ಸಂಬಂಧ?

ಮುತ್ತುಗ ಸುಮ್ನೆ ಮಕರಂದ ಕೊಡುವುದಿಲ್ಲ. ಸೂರಕ್ಕಿ ಕೊಕ್ಕು ತೂರಿಸಿದಾಗ ಅದರ ಹಣೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಅದನ್ನು ಹೊತ್ತು ಅದು ಇನ್ನೊಂದು ಮರಕ್ಕೆ ಹೋಗಬೇಕು. ಮುತ್ತುಗದ ಒಂದು ಕಾಯಿಯಲ್ಲಿ ಇರುವುದು ಒಂದೇ ಬೀಜ, ತುದಿಯಲ್ಲಿ. ಕಡಲೆಕಾಯಿ, ಅವರೆಕಾಯಿ ಹಾಗೆ ಎರಡು ಮೂರಲ್ಲ. ಮುರಿದ ಕೊಂಬೆಯ ಹೂವಿನಲ್ಲಿ ಆ ಒಂದೂ ಇಲ್ಲ. ನಮ್ಮಜ್ಜಿ ಈ ಮರದ ಎಲೆ ಹಚ್ಚಿ ಊಟಕ್ಕೆ ಹಾಕುತ್ತಿದ್ದರು. ಆದರೆ ಹೂಬಿಟ್ಟ ಕೊಂಬೆಗೆ ಎಂದೂ ಕೈ ಹಾಕಿದವರಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಕೇಳುತ್ತೀರಿ. ಇದುವರೆಗೆ ಯಾರಿಗೂ ಹೇಳಿಲ್ಲ. ಕ್ಯಾಮೆರಾ ಕೊಂಡ ಹೊಸತರಲ್ಲಿ ನಮ್ಮ ಹಿತ್ತಲ ದಾಸವಾಳದಲ್ಲಿ ಸೂರಕ್ಕಿ ಗೂಡು ಕಟ್ಟಿತ್ತು. ಜೇಡರ ಬಲೆ, ನಾರು, ತೊಗಟೆ ಚೂರು ಸೇರಿಸಿ ನೇಯ್ದ ಪುಟ್ಟ ಚೀಲ. ಬಾಗಿಲ ಮೇಲೊಂದು ಸಣ್ಣ ಸೂರು. ಹೆಣ್ಣು ಹಕ್ಕಿಯೊಂದೇ ದಿನಗಟ್ಟಲೆ ಓಡಾಡಿ ಕಟ್ಟಿದ್ದು. ಬೆಳಕು ಸಾಲದು ಅಂತ ನಾನು ಕತ್ತರಿ ತಂದು ಸುತ್ತಲಿನ ನಾಲ್ಕೈದು ಎಲೆ ಕತ್ತರಿಸಿದೆ. ಫೋಟೋ ಚೆನ್ನಾಗಿ ಬಂತು. ಮೂರನೇ ದಿನ ಗೂಡು ಹರಿದು ನೇತಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. "ಮರೆ ಇರಲಿ ಅಂತಲೇ ಅಲ್ಲಿ ಕಟ್ಟಿತ್ತು ಕಣೋ" ಅಂದರು ಅಮ್ಮ. ಅಷ್ಟೇ ಅಂದಿದ್ದು. ಆ ಫೋಟೋವನ್ನು ಅವತ್ತೇ ಅಳಿಸಿದೆ.

ಆಮೇಲೆ ಕಾಯುವುದು ಕಲಿತೆ. ಸೂರ್ಯ ಬೆನ್ನಿಗಿರಬೇಕು, ಅಲುಗಾಡದೆ ಕೂರಬೇಕು. ಬಿಟ್ಟುಹೋದ ಗೊಂಚಲಿಗೇ ಹಕ್ಕಿ ಮತ್ತೆ ಮತ್ತೆ ಬರುತ್ತದೆ.

ಇವತ್ತೂ ಅವರು ಹೋದ ಮೇಲೆ ಕೂತೆ. ಎಂಟು ಗಂಟೆ ದಾಟಿತ್ತು. ಮೇಲಿನ ಕೊಂಬೆಗೆ ಗಂಡು ಕಪ್ಪು ಸೂರಕ್ಕಿ ಬಂತು. ದೂರದಿಂದ ಬರೀ ಇದ್ದಿಲು. ಕತ್ತು ತಿರುಗಿಸಿತು ನೋಡಿ, ನೀಲಿ, ನೇರಳೆ, ಮತ್ತೆ ನೀಲಿ! ಹಣೆಯ ಮೇಲೆ ಹಳದಿ ಪುಡಿ.

ಫೋಟೋ ಕೆಳಗೆ ಹಾಕಿದ್ದೇನೆ. ಎದೆಗೆ ಅಡ್ಡವಾಗಿ ಒಂದು ಕಡ್ಡಿ ಇದೆ. ಅದು ಮರದ್ದು.