ನುಡಿಯೂ ಬೇಕು, ವರ್ಡೂ ಬೇಕು, ಓದಲೂ ಬರಬೇಕು

ಅಸೈನ್‌ಮೆಂಟನ್ನು ಪಿಡಿಎಫ್ ಮಾಡಿ ಕೊಟ್ಟರೆ ತಿದ್ದಲು ಬರುವುದಿಲ್ಲ ಎನ್ನುತ್ತಾರೆ ನಮ್ಮ ಸರ್, ವರ್ಡ್ ಫೈಲ್ ಕೊಟ್ಟರೆ ಓದಲು ಬರುವುದಿಲ್ಲ ಎನ್ನುತ್ತಾರೆ. ಯಾವುದು ಬೇಕು ಎಂಬುದನ್ನು ಸೂಚನಾಪತ್ರದಲ್ಲಿ ಒಂದು ಸಾಲು ಬರೆಯಲು ಇವರಿಗೇನು ಧಾಡಿ? ಅಕ್ಷರದ ಗಾತ್ರ 14 ಇರಬೇಕು, ಎ-4 ಅಳತೆಯಿರಬೇಕು, ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಫಾಂಟಿನಲ್ಲಿಯೇ ಇರಬೇಕು ಎಂದೆಲ್ಲ ಕಟ್ಟಪ್ಪಣೆ ಮಾಡಿದವರು, ಫೈಲ್ ಯಾವುದಿರಬೇಕು ಎನ್ನುವಲ್ಲಿಗೆ ಬಂದಾಗ ಮಾತ್ರ ‘ಸಾಫ್ಟ್ ಕಾಪಿ ಸಲ್ಲಿಸತಕ್ಕದ್ದು’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದಾರೆ.

ಇಂದು ಸರ್ ನನ್ನ ಫೈಲನ್ನು ಪ್ರೊಜೆಕ್ಟರಿನಲ್ಲಿ ತೆರೆದರು. ‘ಲಕ್ಕುಂಡಿಯ ಬ್ರಹ್ಮ ಜಿನಾಲಯ’ ಎಂಬ ಶೀರ್ಷಿಕೆ ಇರಬೇಕಾದ ಜಾಗದಲ್ಲಿ, ‘ಲ’ ಅಕ್ಷರಕ್ಕೆ ಬದಲಾಗಿ, ಸಾಬೂನಿನ ಹೊದಿಕೆಯ ಮೇಲೆ ಕಂಪನಿಯ ಹೆಸರಿನ ಪಕ್ಕ ಇರುತ್ತದಲ್ಲ, ಆ ವೃತ್ತದೊಳಗಿನ ಆರ್ ಕುಳಿತಿತ್ತು. ಅದರ ಹಿಂದೆ ಒಂದು ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ನಡುನಡುವೆ ಪೌಂಡಿನ ಚಿಹ್ನೆ. ಸರ್ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ‘ಏನ್ರೀ ಇದು? ಯಾವ ಭಾಷಾದಾಗ ಬರದೀರಿ? ಬರ್ರಿ ಮುಂದ, ನೀವಽ ಓದ್ರಿ’ ಎಂದು ಪರದೆಯ ಪಕ್ಕಕ್ಕೆ ಕರೆದು ನಿಲ್ಲಿಸಿ, ಒಂದೊಂದೇ ಪುಟವನ್ನು ನಿಧಾನವಾಗಿ ಕೆಳಗೆ ಸರಿಸಿದರು. ಆ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯ ಹೆಸರಿದ್ದಲ್ಲೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇಡೀ ಪುಟದಲ್ಲಿ ಓದಲು ಬರುತ್ತಿದ್ದದ್ದು 1007 ಎಂಬ ಇಸವಿ ಮಾತ್ರ. ಅದನ್ನೇ ಓದಿದೆ. ಹಿಂದಿನ ಬೆಂಚಿನಿಂದ ಒಬ್ಬ, ‘ಸರ, ಅಕಿ ಶಾಸನಾನಽ ಟೈಪ್ ಮಾಡ್ಯಾಳ್ರೀ’ ಎಂದ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ‘ಸರ, ಈ ಲ್ಯಾಪ್‌ಟಾಪಿನ್ಯಾಗ ನುಡಿ ಇಲ್ಲ್ರೀ’ ಎಂದು ಹೇಳಿದ್ದಕ್ಕೆ ಬಂದ ಉತ್ತರ: ‘ಹಂಗಾರ ತಪ್ಪು ನಂದೇನು?’

ಹೌದು, ತಮ್ಮದೇ. ಆದರೆ ಅಲ್ಲಿ ನಿಂತು ಅದನ್ನು ಹೇಳುವ ಎದೆಗಾರಿಕೆ ನನಗಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನುಡಿಯ ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ಉಳಿಯುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್, ಅದಿಲ್ಲದ ಯಂತ್ರದಲ್ಲಿ ಅಸಲು ವೇಷ ಬಯಲಾಗುತ್ತದೆ. ಪಿಡಿಎಫ್ ಮಾಡಿದರೆ ಫಾಂಟ್ ಫೈಲಿನೊಳಗೇ ಸೇರಿಕೊಂಡು ಎಲ್ಲಿ ತೆರೆದರೂ ಓದಬಹುದು. ಹಿಂದಿನ ಅಸೈನ್‌ಮೆಂಟನ್ನು ನಾನು ಹಾಗೆಯೇ ಕೊಟ್ಟಿದ್ದೆ, ‘ತಿದ್ದಾಕ ಬರಂಗಿಲ್ಲ’ ಎಂದು ಮರಳಿಸಿದವರು ಇದೇ ಸರ್. ಇನ್ನು ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯುನಿಕೋಡ್ ಎಂಬುದೊಂದಿದೆ, 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ಮೊಬೈಲಿನಲ್ಲಿ ನಾವೆಲ್ಲ ದಿನವಿಡೀ ಬರೆಯುವುದು ಅದರಲ್ಲಿಯೇ. ಅದರಲ್ಲಿ ಕೊಟ್ಟ ಗೆಳತಿಗೆ ‘ನುಡಿ ಫಾಂಟ್ ಬಳಸಿಲ್ಲ’ ಎಂದು ಅಂಕ ಕಳೆದಿದ್ದಾರೆ.

ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿದ್ದವರು, ‘ಭಾಳ ಸರಳ ಐತಿ ನೋಡವಾ, ಫೈಲಿನ ಹೆಸರಿನ ಕೊನೀಗೆ ಡಾಕ್ಸ್ ಅಂತ ಇರ್ತದಲ್ಲ, ಅದನ್ನ ಅಳಿಸಿ ಪಿಡಿಎಫ್ ಅಂತ ಬರಿ, ಆತು’ ಎಂದರು. ಹಾಗೆ ಮಾಡಿದರೆ ಫೈಲ್ ತೆರೆಯುವುದೇ ಇಲ್ಲ ಎಂದು ವಾದಿಸುವ ತ್ರಾಣವಿಲ್ಲದೆ, ‘ಆತ್ರೀ’ ಎಂದು ಹೊರಬಂದೆ. ಸಪ್ತಾಪುರದ ಡಿಟಿಪಿ ಅಂಗಡಿಯವರು ಯುನಿಕೋಡಿಗೆ ಬದಲಿಸಿ ಕೊಟ್ಟರು. ಈಗ ಕನ್ನಡವೇನೋ ಓದಬಹುದು, ಆದರೆ ಇಂಗ್ಲಿಷಿನಲ್ಲಿದ್ದ ಗ್ರಂಥಗಳ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ಕುಳಿತಿವೆ.

ಹೋಗಲಿ ಬಿಡಿ, ಐದು ಅಂಕದ ಆಂತರಿಕ ಪರೀಕ್ಷೆ, ಇದಕ್ಕೇನು ಆಕಾಶ ಕಳಚಿ ಬೀಳುವುದಿಲ್ಲ ಎಂದು ಮಲಗಲು ನೋಡಿದೆ, ನಿದ್ದೆ ಬಂದರೆ ತಾನೆ! ಇತಿಹಾಸದಲ್ಲಿ ಎಂ.ಎ. ಮಾಡಲು ಬಂದವಳು ಮಧ್ಯರಾತ್ರಿ ಫಾಂಟುಗಳ ವಂಶಾವಳಿ ಓದುತ್ತ ಕುಳಿತಿದ್ದೇನೆ. ಅದರಲ್ಲಿಯೇ ಪರೀಕ್ಷೆ ಇಟ್ಟರೆ ಮೊದಲ ದರ್ಜೆ ಖಂಡಿತ. ಸೋಮವಾರ ಮತ್ತೆ ಸಲ್ಲಿಸಬೇಕಂತೆ. ಯಾವ ನಮೂನೆಯಲ್ಲಿ ಎಂದು ಕೇಳಿದರೆ ‘ಎಲ್ಲಾರೂ ಹೆಂಗ ಕೊಟ್ಟಾರ ಹಂಗ’ ಎನ್ನುತ್ತಾರೆ. ಎಲ್ಲರೂ ಹೇಗೆ ಕೊಟ್ಟಿದ್ದೀರಿ? ನಮ್ಮ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಕ್ಕವರಾದರೂ ಸರಿಯೇ, ಇವತ್ತೇ ಹೇಳಿ.